ಸಿದ್ದಪ್ಪ ಮಾಮನ ಮೌನವಾಣಿ

ಸಿದ್ದಪ್ಪ ಮಾಮನ ಹೊಸ ಯಂತ್ರ ಮೊದಲು ಮಾತಾಡಿಸಿದ್ದು ನನ್ನ ಮನೆಯ ಕುಕ್ಕರನ್ನು.

ಭಾನುವಾರ ಬೆಳಿಗ್ಗೆ ಬೇಳೆ ಇಟ್ಟು ವಿಷಲ್ಲಿಗೆ ಕಾಯುತ್ತಿದ್ದೆ. ಕುಕ್ಕರು ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡು, "ನಮಸ್ಕಾರ ಟೀಚರಮ್ಮ! ಗ್ಯಾಸ್ ಒಂಚೂರು ಸಣ್ಣ ಮಾಡ್ರಿ, ತಳ ಸುಡ್ತೈತೆ" ಎಂದಿತು.

ನಾನು ಗ್ಯಾಸು ಸಣ್ಣ ಮಾಡಿದೆ. ನನಗೆ ಆಗ ಯಾವುದಕ್ಕೂ ಆಶ್ಚರ್ಯವಾಗುತ್ತಿರಲಿಲ್ಲ.

"ಏನಮ್ಮ ನೀನು! ಹೆದರ್ಲಿಲ್ಲ, ಕಿರುಚ್ಲಿಲ್ಲ! ಕುಕ್ಕರ್ ಮಾತಾಡಿದ್ರೆ ಹಂಗೆ ಗ್ಯಾಸ್ ಸಣ್ಣ ಮಾಡ್ತಾರೇನು?" ಎನ್ನುತ್ತಾ ಬಾಗಿಲ ಮರೆಯಿಂದ ಸಿದ್ದಪ್ಪ ಮಾಮ ಹೊರಗೆ ಬಂದರು. ಕೊರಳಿಗೆ ಬಿ.ಪಿ. ನೋಡುವ ಪಟ್ಟಿ ಸುತ್ತಿಕೊಂಡಿದ್ದರು. ಬಗಲಲ್ಲಿ ಹಳೆಯ ಮೈಕ್ ಸೆಟ್ಟಿನ ಆಂಪ್ಲಿಫೈಯರು. ಎರಡು ಕೈಯಲ್ಲಿ ಎರಡು ಟಿಫಿನ್ ಕ್ಯಾರಿಯರಿನ ಮುಚ್ಚಳ. ಅವುಗಳ ಒಳಮೈಗೆ ಗುಂಡಿಗಳಷ್ಟು ಚಿಕ್ಕ ಸ್ಪೀಕರುಗಳನ್ನು ಒತ್ತೊತ್ತಾಗಿ ಕೂರಿಸಿದ್ದರು.

ಮರುಳಸಿದ್ದಪ್ಪನವರು ನಮ್ಮ ಮನೆ ಮಾಲೀಕರು. ಕೆಳಗೆ ಅವರು ಮತ್ತು ಹಾಲಮ್ಮತ್ತೆ, ಮೇಲೆ ನಾನು. ದಾವಣಗೆರೆಯ ಹಳೆಯ ಭಾಗದಲ್ಲಿ ಅವರ ಮೈಕ್ ಸೆಟ್ ಇಲ್ಲದೆ ಮದುವೆ ಆಗುತ್ತಿರಲಿಲ್ಲ ಎಂದು ಅವರೇ ಹೇಳುತ್ತಾರೆ. ಆದರೆ ಜನ ಅವರನ್ನು ಗುರುತಿಸುವುದು 'ಗೊಂಬೆ ಸಿದ್ದಪ್ಪ' ಎಂದು. ಮೊಣಕಾಲ ಮೇಲೆ ಚೋಟಣ್ಣ ಎಂಬ ಮರದ ಗೊಂಬೆಯನ್ನು ಕೂರಿಸಿಕೊಂಡು, ತುಟಿ ಅಲ್ಲಾಡಿಸದೆ ಅದನ್ನು ಮಾತಾಡಿಸುವುದು ಅವರ ವಿದ್ಯೆ. ಶಾಲೆಯ ವಾರ್ಷಿಕೋತ್ಸವ, ಬ್ಯಾಂಕಿನವರ ಕುಟುಂಬ ಕೂಟ, ಗಣಪತಿ ಪೆಂಡಾಲು, ಎಲ್ಲೆಲ್ಲೂ ಚೋಟಣ್ಣ ಮಾತಾಡಿದ್ದ.

"ಇದಕ್ಕೆ ಹೆಸರು ಮೌನವಾಣಿ," ಎಂದು ಮಾಮ ಆಂಪ್ಲಿಫೈಯರನ್ನು ನನ್ನ ಹಿಟ್ಟಿನ ಡಬ್ಬಿಯ ಮೇಲೆ ಇಟ್ಟರು. "ನೋಡಮ್ಮ ಅನುಪಮಾ, ನಾವು ಬಾಯಿ ಮುಚ್ಕೊಂಡು ಮನಸ್ಸಲ್ಲೇ ಮಾತಾಡಿದ್ರೂ ಗಂಟಲು ಸುಮ್ನಿರಲ್ಲ. ಒಳಗೊಳಗೇ ನಡುಗ್ತಾ ಇರ್ತೈತೆ. ಆ ನಡುಕ ಈ ಪಟ್ಟಿ ಹಿಡೀತೈತೆ. ಈ ಎರಡು ಮುಚ್ಚಳ ಯಾವುದರ ಕಡೆ ತಿರುಗಿಸ್ತೀನೋ, ಮಾತು ಅಲ್ಲಿಂದ ಬರ್ತೈತೆ! ಅಕಸ್ಮಾತ್ ನನ್ನ ಬಾಯಲ್ಲಿ ಸದ್ದು ಬಂದ್ರೂ ಇದು ಅಳಿಸಿಹಾಕ್ತೈತೆ."

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಪಿ.ಯು. ಕಾಲೇಜಿನಲ್ಲಿ ಪಾಠ ಹೇಳುವವಳು. ಕಿವಿಗೆ ಕೇಳಿಸದ ಎರಡು ಅಲೆಗಳು ಒಂದೆಡೆ ಸೇರಿದರೆ ಅಲ್ಲಿ ಕೇಳಿಸುವ ಶಬ್ದ ಹುಟ್ಟಬಹುದು ಎಂದು ನನಗೆ ಗೊತ್ತು. ಟಿಫಿನ್ ಕ್ಯಾರಿಯರಿನ ಮುಚ್ಚಳದಲ್ಲಿ ಅದು ಸಾಧ್ಯವೆಂದು ಗೊತ್ತಿರಲಿಲ್ಲ.

"ನಿಮಗೆ ಯಂತ್ರ ಯಾಕೆ ಮಾಮ? ನೀವು ಯಂತ್ರ ಇಲ್ಲದೇ ಮಾಡ್ತೀರಲ್ಲ?"

"ಎಲ್ಲಿ ಮಾಡ್ತೀನಿ? ನಮ್ಮ ವಿದ್ಯೆ ಎಲ್ಲ ಮೋಸ ಕಣಮ್ಮ. ದನಿ ಎಲ್ಲೂ ಹೋಗಲ್ಲ, ನನ್ನ ಬಾಯಲ್ಲೇ ಇರ್ತೈತೆ. ಗೊಂಬೆ ಬಾಯಿ ಆಡಿದ್ದು ನೋಡಿ ಕಣ್ಣು ಹೇಳ್ತೈತೆ, ಅಗೋ ಅಲ್ಲಿಂದ ಬಂತು ಅಂತ. ಕಿವಿ ಪಾಪ, ಕಣ್ಣಿನ ಮಾತು ನಂಬ್ತೈತೆ." ಅವರು ಸ್ಟೂಲು ಎಳೆದುಕೊಂಡು ಕೂತರು, ಕೂತರೆಂದರೆ ಇತಿಹಾಸ ಶುರು. "ಹಿಂದೆ ಗ್ರೀಕ್ ದೇಶದಲ್ಲಿ ಹೊಟ್ಟೆಯಿಂದ ಮಾತಾಡೋರು ಇದ್ರಂತೆ. ಹೊಟ್ಟೇಲಿ ದೇವರು ಕೂತಾನೆ ಅಂತ ಜನ ಕೈ ಮುಗಿದು ಭವಿಷ್ಯ ಕೇಳೋರು. ಆಮೇಲೆ ಬೇರೆ ಕಡೆ, ಇದು ದೆವ್ವ ಅಂತ ಹೊಡೆಯಕ್ಕೆ ಬಂದ್ರು. ಎಷ್ಟೋ ಕಾಲ ಆದ್ಮೇಲೆ ನಾಟಕದವರು ಮೊಣಕಾಲ ಮೇಲೆ ಗೊಂಬೆ ಕೂರಿಸ್ಕೊಂಡ್ರು ನೋಡು, ಆಗ ಜನ ನಕ್ಕರು. ದೇವರು ಹೋಯ್ತು, ದೆವ್ವ ಹೋಯ್ತು, ಕೊನೆಗೆ ಉಳಿದದ್ದು ತಮಾಷೆ! ಆದ್ರೆ ಅವತ್ತಿಂದ ಇವತ್ತಿನ ತನಕ ಒಂದೇ ಕಷ್ಟ. ಪ, ಬ, ಮ. ತುಟಿ ಮುಚ್ಚದೆ ಅವು ಬರಲ್ಲ. ನನ್ನ ಗೊಂಬೆಗೆ ಚೋಟಣ್ಣ ಅಂತ ಯಾಕೆ ಹೆಸರಿಟ್ಟೆ ಹೇಳು? ತುಟಿಯ ಕೆಲಸ ಇಲ್ಲ. ಹಾಲಮ್ಮ ಅನ್ನಕ್ಕೆ ತುಟಿ ಬೇಕು. ಅದಕ್ಕೇ ಚೋಟಣ್ಣ ಅವಳನ್ನ ಹಾಲಕ್ಕ ಅಂತಾನೆ."

ಹಾಲಮ್ಮತ್ತೆಯ ಹೆಸರು ಬಂದೊಡನೆ ಅವರ ಮುಖ ಇಳಿಯಿತು. "ಯಂತ್ರ ಮಾಡಿದ್ದು ಷೋಗಲ್ಲ ಕಣಮ್ಮ," ಎಂದರು ದನಿ ತಗ್ಗಿಸಿ. "ಅವಳ ಹತ್ರ ತಪ್ಪಾಯ್ತು ಅನ್ನಕ್ಕೆ."

*

ಆದದ್ದು ಇಷ್ಟು. ಯುಗಾದಿಗೆ ಮಹಿಳಾ ಸಮಾಜದಲ್ಲಿ ಚೋಟಣ್ಣನ ಕಾರ್ಯಕ್ರಮವಿತ್ತು. "ಚೋಟಣ್ಣ, ನಿನ್ನ ಕೈಕಾಲು ಯಾಕೋ ಇಷ್ಟು ಗಟ್ಟಿ?" ಎಂದು ಮಾಮ ಕೇಳಿದ್ದರು. "ದಿನಾ ಹಾಲಕ್ಕನ ರೊಟ್ಟಿ ತಿಂತೀನಲ್ಲ!" ಎಂದಿತ್ತು ಗೊಂಬೆ. ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೊದಲ ಸಾಲಿನಲ್ಲಿ ಹಾಲಮ್ಮತ್ತೆ ಕೂತಿದ್ದರು. ಅವರು ಪ್ರತಿ ಕಾರ್ಯಕ್ರಮದಲ್ಲೂ ಅಲ್ಲೇ ಕೂರುವವರು. ಗಂಡನ ತುಟಿ ಅಲ್ಲಾಡಿದರೆ ಸೆರಗು ಸರಿಮಾಡಿಕೊಂಡು ಸನ್ನೆ ಕೊಡುವುದು ಅವರ ಕೆಲಸ.

ಈ ಕಡೆ ಜೋಳದ ರೊಟ್ಟಿಗೆ ಹೆಸರಿಟ್ಟರೆ ಮನೆತನಕ್ಕೇ ಹೆಸರಿಟ್ಟಂತೆ. ಅಂದೇ ಹಾಲಮ್ಮತ್ತೆ ಚೋಟಣ್ಣನನ್ನು ಟ್ರಂಕಿಗೆ ಹಾಕಿ ಬೀಗ ಜಡಿದರು. ರೊಟ್ಟಿ ತಟ್ಟುವುದನ್ನು ಬಿಟ್ಟರು. ಗಂಡನ ಜೊತೆ ಮಾತನ್ನೂ ಬಿಟ್ಟರು.

"ನಾನೆಲ್ಲಿ ಅಂದೆ? ಚೋಟಣ್ಣ ಅಂದ!" ಎಂಬುದು ಮಾಮನ ವಾದ. ಅದರಲ್ಲಿ ಅವರಿಗೆ ನಿಜವಾಗಿಯೂ ನಂಬಿಕೆಯಿತ್ತು.

ಮಾತು ಬಿಟ್ಟರೂ ಸಂಸಾರ ನಡೆಯಬೇಕಲ್ಲ. ನಮ್ಮಲ್ಲಿ ಅದಕ್ಕೊಂದು ದಾರಿ ಇದೆ. ಮೂರನೆಯವರನ್ನು ನಡುವೆ ನಿಲ್ಲಿಸಿಕೊಳ್ಳುವುದು. ನಾನು ಕಾಲೇಜಿನಿಂದ ಬಂದು ಮೆಟ್ಟಿಲು ಹತ್ತುವ ಹೊತ್ತಿಗೆ ಕರೆ ಬರುತ್ತಿತ್ತು.

"ಅನುಪಮಾ, ಬಾರವ್ವ ಇಲ್ಲಿ. ಸಾರಿಗೆ ಉಪ್ಪು ಸಾಕಾ ಅಂತ ಕೇಳು ಅವರನ್ನ."

ಅವರು ಒಂದು ಮಾರು ದೂರದಲ್ಲಿ ಉಣ್ಣುತ್ತಾ ಕೂತಿರುತ್ತಿದ್ದರು.

"ಉಪ್ಪು ಸಾಕು, ಹುಳಿ ಜಾಸ್ತಿ ಅಂತ ಹೇಳಮ್ಮ ಅವಳಿಗೆ."

"ಹುಳಿ ಸಾರಲ್ಲಿಲ್ಲ, ಬಾಯಲ್ಲೈತೆ ಅಂತ ಹೇಳವ್ವ ಅವರಿಗೆ!"

ನಾನು ಏನನ್ನೂ ಹೇಳುವ ಮೊದಲೇ ಉತ್ತರ ಬಂದಿರುತ್ತಿತ್ತು. ಆದರೂ ನಾನು ನಡುವೆ ನಿಂತಿರಬೇಕಿತ್ತು. ಚೋಟಣ್ಣ ಟ್ರಂಕು ಸೇರಿದ ಮೇಲೆ ಆ ಮನೆಯ ಗೊಂಬೆ ನಾನೇ ಆಗಿದ್ದೆ. ನನಗೆ ಅದು ಕಷ್ಟವೆನಿಸಲಿಲ್ಲ. ನಮ್ಮವರು ತೀರಿಹೋಗಿ ವರ್ಷ ದಾಟಿತ್ತು. ನನ್ನದೆನ್ನುವ ಮಾತು ನನ್ನಲ್ಲಿ ಹೆಚ್ಚೇನೂ ಇರಲಿಲ್ಲ.

ಈಗ ಹಾಲಮ್ಮತ್ತೆ ಹರಪನಹಳ್ಳಿಯಲ್ಲಿರುವ ತಮ್ಮನಿಗೆ ಫೋನು ಮಾಡಿದ್ದರು. ತಮ್ಮ ಕೊಟ್ರೇಶಿ ಮರುದಿನ ಬಂದು ಕರೆದುಕೊಂಡು ಹೋಗುವವನಿದ್ದ. ಎಷ್ಟು ದಿನಕ್ಕೆ ಎಂದು ಕೇಳಿದರೆ, "ಇರೋಷ್ಟು ದಿನಕ್ಕೆ" ಎಂದಿದ್ದರು.

"ಬಾಯಿಬಿಟ್ಟು ತಪ್ಪಾಯ್ತು ಅನ್ನಬಾರದಾ ಮಾಮ? ಯಂತ್ರ ಯಾಕೆ?"

"ಬಾಯಿಬಿಟ್ಟಾ?" ಅವರು ನನ್ನನ್ನು ಅಸಭ್ಯ ಮಾತಾಡಿದವಳಂತೆ ನೋಡಿದರು. "ಅವಳನ್ನ ಹೆಸರು ಹಿಡಿದು ಕರೆದವನಲ್ಲ ನಾನು. 'ಏ, ಕೇಳಿಸ್ತಾ' ಅಂತಲೇ ಕಾಲ ಕಳೆದೆ. ಹೊಸ ಸೀರೆ ಚೆಂದ ಐತೆ ಅಂತ ಹೇಳಿದ್ದೂ ಚೋಟಣ್ಣನೇ. ಈಗ ಚೋಟಣ್ಣ ಒಳಗೆ, ಕೀಲಿ ಅವಳ ಸೊಂಟದಲ್ಲಿ. ಇನ್ಯಾರ ಬಾಯಲ್ಲಿ ಹೇಳಿಸ್ಲಿ?"

*

ಮೊದಲ ಪ್ರಯೋಗ ಅಂದೇ ಮಧ್ಯಾಹ್ನ. ಕೆಳಗಿನ ಅಡುಗೆಮನೆಯಲ್ಲಿ ಹಾಲಮ್ಮತ್ತೆ ಅನ್ನ ಬಸಿಯುತ್ತಿದ್ದರು. ನಾನು ಕರಿಬೇವು ಕೇಳುವ ನೆಪದಲ್ಲಿ ನಿಂತಿದ್ದೆ. ಮಾಮ ನಡುಮನೆಯ ಪರದೆಯ ಹಿಂದೆ, ಎರಡು ಮುಚ್ಚಳಗಳನ್ನೂ ತಪ್ಪಲೆಯ ಕಡೆಗೆ ಹಿಡಿದಿದ್ದರು.

"ಏ, ಕೇಳಿಸ್ತಾ," ಎಂದಿತು ಅನ್ನದ ತಪ್ಪಲೆ.

ಹಾಲಮ್ಮತ್ತೆಯ ಕೈ ನಿಂತಿತು.

"ಯುಗಾದಿ ದಿನ ಆಗಬಾರದಿತ್ತು. ತಪ್ಪಾ..." ತಪ್ಪಲೆ ತಡವರಿಸಿತು. "ತಪ್ಪು ಏನು ತಪ್ಪು? ಅವತ್ತು ರೊಟ್ಟಿ ಗಟ್ಟಿ ಇತ್ತಪ್ಪ! ಇದ್ದದ್ದು ಇದ್ದಂಗೆ ಅಂದ್ರೆ ತಪ್ಪಾ? ಹಲ್ಲು ಅಲ್ಲಾಡ್ತು ನಂದು! ಅಯ್ಯೋ, ಇದ್ಯಾಕೆ ಹೊರಗೆ ಬಂತು? ನಿಲ್ಲಿಸು! ಗುಂಡಿ ಎಲ್ಲಿ? ಗುಂಡಿ!"

ಪರದೆ ಗಡಗಡ ಅಲ್ಲಾಡಿ ಸದ್ದು ನಿಂತಿತು.

ದೋಷ ಯಂತ್ರದ್ದಲ್ಲ. ಬಾಯಿಯಲ್ಲಿ ಒಂದೇ ಮಾತನ್ನು ಆಡಬಹುದು. ಮನಸ್ಸಿನಲ್ಲಿ ಒಂದೇ ಮಾತನ್ನು ಆಡುವುದು ಸಾಧುಸಂತರಿಗೂ ಕಷ್ಟ. ಮಾಮ ಸಾಧುವಾಗಿರಲಿಲ್ಲ.

ಹಾಲಮ್ಮತ್ತೆ ಹೆದರಲಿಲ್ಲ. ಮೈಕ್ ಸೆಟ್ಟಿನವನ ಹೆಂಡತಿಗೆ ಸದ್ದಿನ ಭಯವಿರುವುದಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಅನುಪಮಾ, ಆ ತಪ್ಪಲೆಗೆ ಹೇಳವ್ವ. ನಾಳೆಯಿಂದ ಅದೇ ಅನ್ನ ಮಾಡ್ಕೊಂಡು ಅದೇ ಉಣ್ಲಿ ಅಂತ."

ನಾನು ತಪ್ಪಲೆಯನ್ನು ನೋಡಿದೆ. ಹೇಳುವ ಅಗತ್ಯವಿರಲಿಲ್ಲ.

*

ಸಂಜೆ ಮಾಮ ಹಿತ್ತಲಲ್ಲಿ ಯಂತ್ರವನ್ನು ಬಿಚ್ಚಿ ಹರಡಿಕೊಂಡು ಕೂತಿದ್ದರು.

"ಅರ್ಥ ಆಯ್ತಮ್ಮ ಎಲ್ಲಿ ತಪ್ಪಿದ್ದು! ಮನಸ್ಸಲ್ಲಿ ಜಗಳದ ಮಾತಿಗೆ ಗಂಟಲು ದೊಡ್ಡದು. ತಪ್ಪಾಯ್ತು ಅನ್ನೋ ಮಾತಿಗೆ ಸಣ್ಣದು. ಯಂತ್ರ ದೊಡ್ಡದನ್ನ ಹಿಡೀತು. ಈಗ ಸಣ್ಣದು ಹಿಡಿಯಂಗೆ ಮಾಡ್ತೀನಿ."

"ಹೇಗೆ?"

"ಕಿವಿ ದೊಡ್ಡದು ಮಾಡೋದು!" ಎಂದು ಅಟ್ಟದಿಂದ ಇಳಿಸಿದ ದೊಡ್ಡ ಹಾರನ್ನನ್ನು ತೋರಿಸಿದರು. ಹಿಂದೆ ಚುನಾವಣೆ ಪ್ರಚಾರದ ಜೀಪಿನ ಮೇಲೆ ಕಟ್ಟುತ್ತಿದ್ದದ್ದು. ಈಗ ಅದನ್ನು ತಿರುಗಾಮುರುಗಾ ಜೋಡಿಸಿ ಸದ್ದು ಹಿಡಿಯುವ ಕಿವಿ ಮಾಡಿದ್ದರು.

"ಮಾಮ, ಇದು ನಿಮ್ಮ ಗಂಟಲೊಂದನ್ನೇ ಹಿಡಿಯುತ್ತೆ ಅಂತ ಏನು ಗ್ಯಾರಂಟಿ? ಎದುರಿಗಿದ್ದವರೆಲ್ಲರ ಗಂಟಲೂ ನಡುಗುತ್ತಲ್ಲ?"

"ಬೇರೆಯವರ ಗಂಟಲಲ್ಲಿ ಏನಿರ್ತೈತೆ ಬಿಡಮ್ಮ!" ಎಂದರು. ಕೊರಳ ಪಟ್ಟಿ ಜಾರುತ್ತಿತ್ತು. ಸೈಕಲ್ ಟ್ಯೂಬಿಗೆ ಹಚ್ಚುವ ಪಂಕ್ಚರ್ ಸೊಲ್ಯೂಷನ್ನು ಬಳಿದು ಅದನ್ನು ಅಂಟಿಸಿಕೊಂಡರು.

*

ಮರುದಿನ ಕಾಲೇಜಿಗೆ ರಜೆ ಇತ್ತು. ಕೊಟ್ರೇಶಿ ಹತ್ತು ಗಂಟೆಗೆ ಬಂದ. ನಡುಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತ. ಹಾಲಮ್ಮತ್ತೆ ಮಂಡಕ್ಕಿ ಮಿರ್ಚಿ ತಂದಿಟ್ಟರು. ನನಗೂ ಒಂದು ತಟ್ಟೆ ಕೊಟ್ಟು ಕೂರಿಸಿದರು. ಮಾಮ ಮೂಲೆಯಲ್ಲಿ ಕೂತಿದ್ದರು, ಕೊರಳಿಗೆ ಮಫ್ಲರು. ಯಂತ್ರ ಟೇಬಲ್ಲಿನ ಕೆಳಗಿತ್ತು. ಹಾರನ್ನಿಗೆ ಹಾಲಮ್ಮತ್ತೆಯದೇ ಹಳೆಯ ಸೀರೆ ಹೊದಿಸಿದ್ದರು.

"ಭಾವ, ಬ್ಯಾಸಿಗೇಲಿ ಮಫ್ಲರ್ ಯಾಕ್ರಿ?"

"ನೆಗಡಿ."

"ಅಕ್ಕ, ನೀನೇನೂ ಯೋಚನೆ ಮಾಡಬ್ಯಾಡ," ಎಂದ ಕೊಟ್ರೇಶಿ ಮಿರ್ಚಿ ಕಚ್ಚುತ್ತಾ. "ನಿನ್ನ ತಮ್ಮನ ಮನೆ ನಿನ್ನ ಮನೆ. ಎಷ್ಟು ದಿನ ಬೇಕಾದ್ರೂ ಇರು."

"ಹದಿನೈದು ದಿನ ಆದ್ರೆ ನನ್ನ ಹೆಂಡ್ತಿ ಸೂಟ್‌ಕೇಸ್ ಕಟ್ತಾಳೆ!" ಎಂದಿತು ಅವನು ಕೂತಿದ್ದ ಕುರ್ಚಿ, ಅವನದೇ ದನಿಯಲ್ಲಿ. "ಶಿವನೇ, ಇವರಿಬ್ಬರೂ ರಾಜಿ ಆಗೋ ಹಂಗೆ ಮಾಡಪ್ಪ!"

ಕೊಟ್ರೇಶಿ ಹಾರಿ ನಿಂತ. ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಿದ.

"ಯಾರು, ಯಾರಂದಿದ್ದು?"

"ಕುರ್ಚಿ ಅಂತು," ಎಂದೆ.

"ನಾನು ಅಂದಿಲ್ಲ ಅಕ್ಕ! ನಿನ್ನಾಣೆ!"

"ನೀನೆಲ್ಲಿ ಅಂದೆ, ಕುರ್ಚಿ ಅಂತು," ಎಂದರು ಹಾಲಮ್ಮತ್ತೆ. "ಈ ಮನೇಲಿ ಎಲ್ಲರೂ ಹಂಗೇ."

ಮಾಮ ಟೇಬಲ್ಲಿನ ಕೆಳಗೆ ಕೈಹಾಕಿ ಗುಂಡಿಗಾಗಿ ತಡಕಾಡಿದರು. ಸಿಕ್ಕಿದ ಗುಂಡಿಯನ್ನು ತಿರುಗಿಸಿದರು. ಅದು ದನಿ ಏರಿಸುವ ಗುಂಡಿ. ಮುಚ್ಚಳಗಳು ಜಾರಿ ಗೋಡೆಯ ಕಡೆ ತಿರುಗಿದವು.

ಆಗ ಗೋಡೆ ಗಡಿಯಾರ ಮಾತಾಡಿತು. ಹಾಲಮ್ಮತ್ತೆಯ ದನಿ.

"ರೊಟ್ಟಿ ಅಂದ್ರೆ ಅನ್ನಲಿ. ನಾನೂ ನಗ್ತಿದ್ದೆ. ಮದುವೆಯಾದಾಗಿಂದ ಮುಂದಿನ ಸಾಲಲ್ಲಿ ಕೂತೀನಿ. ಸೀರೆ ಚೆಂದ ಐತೆ ಅಂದದ್ದು ಗೊಂಬೆ. ಹುಷಾರಿಲ್ಲದಾಗ ಹೆಂಗಿದ್ದೀಯ ಅಂದದ್ದು ಗೊಂಬೆ. ಒಂದು ದಿನ, ಒಂದೇ ದಿನ ಆ ಮನುಷ್ಯ ನನ್ನ ಮುಖ ನೋಡಿ ಮಾತಾಡ್ಲಿಲ್ಲ. ಗೊಂಬೆ ಮುಖ ನೋಡಿಯೇ ಮಾತಾಡಿದ್ದು."

ಕೊಟ್ರೇಶಿ ಕುರ್ಚಿಯನ್ನು ತಲೆಕೆಳಗಾಗಿಯೇ ಹಿಡಿದು ನಿಂತಿದ್ದ. ಹಾಲಮ್ಮತ್ತೆ ಬಾಯಿಗೆ ಸೆರಗು ಒತ್ತಿಕೊಂಡರು, ಅಲ್ಲಿಂದಲೇ ಮಾತು ಬಂತೇನೋ ಎನ್ನುವಂತೆ.

ಮಾಮ ಈ ಸಲ ಯಂತ್ರವನ್ನೇ ಎಳೆದರು. ಮುಚ್ಚಳಗಳು ನನ್ನ ಕಡೆ ತಿರುಗಿದವು. ನನ್ನ ಕೈಯಲ್ಲಿದ್ದ ಮಂಡಕ್ಕಿ ತಟ್ಟೆ ನನ್ನ ದನಿಯಲ್ಲಿ, ಮಾಮೂಲಿಯಾಗಿ ಕೇಳಿತು.

"ಪ್ರಸನ್ನ, ಗೇಟ್ ಹಾಕಿದ್ಯಾ?"

ಮಾಮ ಗೋಡೆಯ ಪ್ಲಗ್ಗನ್ನೇ ಕಿತ್ತರು.

"ಪ್ರಸನ್ನ ಯಾರು?" ಎಂದ ಕೊಟ್ರೇಶಿ. ಹಾಲಮ್ಮತ್ತೆ ಅವನನ್ನು ಒಂದು ನೋಟ ನೋಡಿದರು. ಅವನು ಕುರ್ಚಿ ಇಳಿಸಿದ. ಅವರು ನನ್ನ ಪಕ್ಕ ಬಂದು, ತಟ್ಟೆಗೆ ಇನ್ನೊಂದು ಮಿರ್ಚಿ ಹಾಕಿ, "ತಿನ್ನವ್ವ, ಆರೋಗ್ತೈತೆ" ಎಂದರು. ನಾನು ತಿಂದೆ. ಖಾರವಿತ್ತು.

ಆಮೇಲೆ ಅವರು ಒಳಗೆ ಹೋಗಿ ಬ್ಯಾಗು ತಂದರು. ಗಡಿಯಾರ ಎಲ್ಲರೆದುರು ಅಷ್ಟು ಹೇಳಿದ ಮೇಲೆ ಅವರಿಗೆ ಆ ಗೋಡೆಗಳ ನಡುವೆ ನಿಲ್ಲಲು ನಾಚಿಕೆಯಾಗಿತ್ತು.

"ಹೊಂಟೆ ಅಂತ ಹೇಳು ಅವರಿಗೆ," ಎಂದರು ನನಗೆ. ಗೇಟು ದಾಟಿದರು. ಕೊಟ್ರೇಶಿ ನಮ್ಮಿಬ್ಬರ ಕಡೆ ಬೇಡುವವನಂತೆ ನೋಡುತ್ತಾ ಹಿಂದೆ ಹೋದ.

"ಹೊರಟರಂತೆ," ಎಂದೆ ನಾನು.

ಮಾಮ ಪ್ಲಗ್ ಹಿಡಿದು ನಿಂತೇ ಇದ್ದರು. "ಗಡಿಯಾರ ಹೇಳಿದ್ದು ನಿಜ ಏನಮ್ಮ?"

"ಗಡಿಯಾರಕ್ಕೆ ಸುಳ್ಳು ಹೇಳೋಕೆ ಬರಲ್ಲ ಮಾಮ."

"ಸ್ಕೂಟಿ ತೆಗಿ!" ಎಂದರು.

*

ಯಂತ್ರವನ್ನು ಬಿಟ್ಟು ಬನ್ನಿ ಎಂದೆ. ಕೇಳಲಿಲ್ಲ. ಬ್ಯಾಟರಿ ಜೋಡಿಸಿ, ಹಾರನ್ನು ಬೆನ್ನಿಗೆ ಕಟ್ಟಿಕೊಂಡು, ಮುಚ್ಚಳಗಳನ್ನು ಎರಡು ಕೈಯಲ್ಲಿ ರೆಕ್ಕೆಯಂತೆ ಚಾಚಿ ಹಿಂದಿನ ಸೀಟಿನಲ್ಲಿ ಕೂತರು. ಸ್ಕೂಟಿ ಹೊಂಡಕ್ಕೆ ಬಿದ್ದೊಡನೆ ಯಂತ್ರ ತಾನೇ ಚಾಲೂ ಆಯಿತು.

ಆ ದಿನ ಬಸ್ ನಿಲ್ದಾಣದ ರಸ್ತೆ ಇಡೀ ಬಾಯಿಬಿಟ್ಟಿತು. ಸಿಗ್ನಲ್ ಕಂಬ ಪೊಲೀಸಿನವರ ದನಿಯಲ್ಲಿ, "ಷೂ ಕಚ್ತೈತಲ್ಲೋ!" ಎಂದು ನರಳಿತು. ಬೆಣ್ಣೆ ದೋಸೆ ಹೋಟೆಲಿನ ಬೋರ್ಡು, "ಇವನ್ಯಾರೋ ಐದನೇ ದೋಸೆ ಹೇಳ್ದ, ಹೊಟ್ಟೇನೋ ಗೋಡೌನೋ!" ಎಂದು ಕೂಗಿತು. ಮದುವೆಯ ಬ್ಯಾನರಿನಲ್ಲಿದ್ದ ವರ, ಪಕ್ಕದಲ್ಲಿ ನಿಂತಿದ್ದ ಯಾರದೋ ದನಿಯಲ್ಲಿ, "ಇವನಿಗೂ ಹೆಣ್ಣು ಸಿಕ್ತಲ್ಲಪ್ಪ!" ಎಂದ. ಜನ ತಮ್ಮ ಬಾಯಿಗಳನ್ನು ಮುಚ್ಚಿಕೊಂಡರು. ಬಾಯಿ ಮುಚ್ಚಿದಷ್ಟೂ ಮಾತು ಹೆಚ್ಚಾಯಿತು. ನಡುರಸ್ತೆಯಲ್ಲಿ ಮಲಗಿದ್ದ ಹಸುವೊಂದು ಮಾತ್ರ ಏನೂ ಅನ್ನಲಿಲ್ಲ. ಅದಕ್ಕೆ ಒಳಗೊಂದು ಹೊರಗೊಂದು ಇರಲಿಲ್ಲ.

ಹರಪನಹಳ್ಳಿ ಬಸ್ಸು ಇನ್ನೂ ನಿಂತಿತ್ತು. ಅದು ಖಾಸಗಿ ಬಸ್ಸು. ಯಾವ ಕಾಲದ್ದೋ, ಬಣ್ಣಕ್ಕಿಂತ ತುಕ್ಕೇ ಹೆಚ್ಚಾಗಿತ್ತು. ಹೊರಡುವ ಹೊತ್ತು ಮೀರಿ ಮುಕ್ಕಾಲು ಗಂಟೆಯಾಗಿತ್ತು.

"ಹತ್ರೀ ಹತ್ರೀ, ಈಗ ಬಿಟ್ವಿ!" ಎನ್ನುತ್ತಿದ್ದ ಕಂಡಕ್ಟರು.

"ಡ್ರೈವರಣ್ಣ ಇನ್ನೂ ಮನೇಲಿ ಸ್ನಾನ ಮಾಡ್ತಾನೆ!" ಎಂದಿತು ಬಸ್ಸಿನ ಟೈರು, ಕಂಡಕ್ಟರನ ದನಿಯಲ್ಲಿ.

ಬಸ್ಸಿನೊಳಗೆ ಗಲಾಟೆ ಎದ್ದಿತು. ಸೀಟು, ಸರಳು, ಏಣಿ, ಕನ್ನಡಿ, ಎಲ್ಲವೂ ಒಂದೊಂದು ದನಿಯಲ್ಲಿ ಬಸ್ಸಿನವರನ್ನು ಬೈಯತೊಡಗಿದವು. ಈ ಗದ್ದಲದ ನಡುವೆ ಕಿಟಕಿಯ ಪಕ್ಕ ಹಾಲಮ್ಮತ್ತೆ ಎದುರಿನ ಸೀಟಿನ ಬೆನ್ನು ನೋಡುತ್ತಾ ಕೂತಿದ್ದರು.

ಮಾಮ ಕಿಟಕಿಯ ಕೆಳಗೆ ಹೋಗಿ ನಿಂತರು. ಮುಚ್ಚಳಗಳನ್ನು ಎತ್ತಿ ಬಸ್ಸಿನ ಕಡೆ ಹಿಡಿದರು. ಬಾಯಿ ಬಿಗಿಯಾಗಿ ಮುಚ್ಚಿತ್ತು. ಹಣೆಯಲ್ಲಿ ಬೆವರು.

"ಏ, ಕೇಳಿಸ್ತಾ," ಎಂದಿತು ಬಸ್ಸು. "ರೊಟ್ಟಿ... ಗೊಂಬೆ... ನಾನೆಲ್ಲಿ... ಜನ ನೋಡ್ತಾರೆ..."

ಹಾಲಮ್ಮತ್ತೆ ಕಿಟಕಿಯ ಗಾಜು ಎಳೆಯತೊಡಗಿದರು. ಅದು ಎಂದಿನಂತೆ ಅರ್ಧಕ್ಕೆ ಸಿಕ್ಕಿಕೊಂಡಿತು.

ಮಾಮ ಮುಚ್ಚಳಗಳನ್ನು ಕೆಳಗೆ ಬಿಟ್ಟರು. ಎರಡೂ ಕೈಯಿಂದ ಕೊರಳ ಪಟ್ಟಿಯನ್ನು ಕೀಳಲು ನೋಡಿದರು. ಪಂಕ್ಚರ್ ಸೊಲ್ಯೂಷನ್ನು ಬಿಡಲಿಲ್ಲ. ಎಳೆದರೆ ಕೊರಳೇ ಬರುತ್ತಿತ್ತು. ಒಂದು ಗಳಿಗೆ ಸುತ್ತ ನೋಡಿದರು. ಅರ್ಧ ದಾವಣಗೆರೆ ಅಲ್ಲಿತ್ತು. ಚೋಟಣ್ಣನನ್ನು ನೋಡಿ ಬೆಳೆದವರು, "ಗೊಂಬೆ ಸಿದ್ದಪ್ಪ ಅಲ್ವಾ?" ಎಂದು ಬೆರಳು ತೋರಿಸುತ್ತಿದ್ದರು.

ಆಮೇಲೆ ಅವರು ಕತ್ತೆತ್ತಿ ಹೆಂಡತಿಯ ಮುಖ ನೋಡಿದರು. ಬಾಯಿ ತೆರೆದರು.

ತುಟಿಗಳು ಚೆನ್ನಾಗಿ, ಅಗಲವಾಗಿ, ಎಲ್ಲರಿಗೂ ಕಾಣುವಂತೆ ಅಲ್ಲಾಡಿದವು. ಅವರ ಬಾಯಿಂದ ಸದ್ದೇ ಬರಲಿಲ್ಲ. ಯಂತ್ರ ಅದನ್ನು ಅಳಿಸಿಹಾಕಿತ್ತು. ಕೆಳಗೆ ಬಿದ್ದಿದ್ದ ಮುಚ್ಚಳಗಳಿಂದ ಹೊರಟ ಮಾತು ಬಸ್ಸಿನ ತಗಡಿನಿಂದ ಬಂತು, ಮುಂದಿನ ಬಂಪರಿನಿಂದ ಹಿಂದಿನ ಏಣಿಯ ತನಕ.

"ಹಾಲಮ್ಮ. ತಪ್ಪಾಯ್ತು. ಹೋಗಬೇಡ."

ಬೇರೆ ಮಾತು ಒಂದೂ ಬೆರೆಯಲಿಲ್ಲ. ಬಾಯಿಬಿಟ್ಟು ಆಡುವಾಗ ಗಂಟಲಿನಲ್ಲಿ ಇನ್ನೊಂದಕ್ಕೆ ಜಾಗವಿರುವುದಿಲ್ಲ. ನಾನು ಆಮೇಲೆ ಲೆಕ್ಕ ಹಾಕಿ ತಿಳಿದುಕೊಂಡ ವಿಷಯ ಇದು.

ತುಟಿ ಅಲ್ಲಾಡಿಸದೆ ಮಾತಾಡುವುದರಲ್ಲಿ ಜೀವಮಾನ ಕಳೆದ ಮನುಷ್ಯ, ಸದ್ದಿಲ್ಲದೆ ತುಟಿ ಮಾತ್ರ ಆಡಿಸುತ್ತಾ ನಿಂತಿದ್ದರು.

ಹಾಲಮ್ಮತ್ತೆ ಗಾಜು ಬಿಟ್ಟರು. ಗಂಡನ ಬಾಯಿಯನ್ನೇ ನೋಡಿದರು. ನಾನು ನಡುವೆ ಇದ್ದೆ. ನನ್ನ ಕಡೆ ತಿರುಗಲಿಲ್ಲ.

"ಅದೇನ್ರಿ ಬಾಯಿ ಅಷ್ಟಗಲ ತೆರೆದೀರಿ?" ಎಂದರು ನೇರವಾಗಿ ಗಂಡನಿಗೇ. "ಊರೆಲ್ಲಾ ನೋಡ್ತೈತೆ."

"ನೋಡ್ಲಿ ಹಾಲಮ್ಮ," ಎಂದಿತು ಬಸ್ಸು.

"ಹೆಸರು ಬ್ಯಾರೆ! ನಾಚಿಕೆ ಇಲ್ಲ." ಅವರ ಮುಖ ಕೆಂಪಾಯಿತು. "ಇನ್ನೊಂದು ಸಲ ಹೇಳ್ರಿ."

"ತಪ್ಪಾಯ್ತು."

"ಆ ಹುಡುಗೀನ ನೋಡ್ಕೊಂಡಲ್ಲ. ನನ್ನ ನೋಡಿ ಹೇಳ್ರಿ."

"ತಪ್ಪಾಯ್ತು! ಹೋಗಬೇಡ!" ಬಸ್ಸಿನ ಗಾಜುಗಳು ಗಡಗಡ ನಡುಗಿದವು. ಆಂಪ್ಲಿಫೈಯರಿನಿಂದ ನೀಲಿ ಕಿಡಿ ಹಾರಿತು. ಬೆನ್ನಿಗೆ ಕಟ್ಟಿದ ಹಾರನ್ನಿನಿಂದ ಆಲೆಮನೆಯ ಚಿಮಣಿಯಂತೆ ಹೊಗೆ ಎದ್ದಿತು. ನಾನು ಸ್ಕೂಟಿಯಲ್ಲಿದ್ದ ನೀರಿನ ಬಾಟಲಿ ತೆಗೆದು ಮಾಮನ ಮೇಲೆ ಸುರಿದೆ. ಮೌನವಾಣಿ ಚಟ್ ಎಂದು ಸತ್ತಿತು.

"ಸಾಕು, ಇಳೀತೀನಿ," ಎಂದರು ಹಾಲಮ್ಮತ್ತೆ. ಆ ಮಾತು ಮುಗಿಯುವ ಮೊದಲೇ ಕೊಟ್ರೇಶಿ ಅಕ್ಕನ ಬ್ಯಾಗನ್ನು ಕಿಟಕಿಯಿಂದ ಹೊರಕ್ಕೆ ಇಳಿಸಿಯಾಗಿತ್ತು. "ಅಕ್ಕ, ಹಬ್ಬಕ್ಕೆ ಇಬ್ಬರೂ ಬರ್ರಿ, ಎರಡು ದಿನ ಇದ್ದು ಹೋಗ್ರಿ!" ಎಂದ. ಆಗ ಯಂತ್ರ ಕೆಟ್ಟಿತ್ತು. ಅವನು ಮನಸ್ಸಿನಲ್ಲಿ ಎಷ್ಟು ದಿನ ಅಂದುಕೊಂಡನೋ ಗೊತ್ತಿಲ್ಲ.

ಮೂವರೂ ಆಟೋ ಸ್ಟ್ಯಾಂಡಿನ ತನಕ ನಡೆದೆವು. ಅವರಿಬ್ಬರು ಮುಂದೆ, ಸ್ಕೂಟಿ ತಳ್ಳಿಕೊಂಡು ನಾನು ಹಿಂದೆ.

"ಕೊರಳಿಗೆ ಸೀಮೆಎಣ್ಣೆ ಹಚ್ಚಬೇಕು, ಇಲ್ದಿದ್ರೆ ಬಿಡಲ್ಲ ಅದು."

"ಉರೀತೈತೆ ಕಣೇ."

"ಉರೀಲಿ. ಮಾಡಿದ್ದುಣ್ಣೋ ಮಾರಾಯ."

ಯಂತ್ರ ಸತ್ತಿದ್ದರಿಂದ ಮಾಮನ ದನಿ ಬಾಯಿಗೇ ಮರಳಿತ್ತು. ಅವರು ಗಮನಿಸಿದಂತೆ ಕಾಣಲಿಲ್ಲ. ಯಾರೂ ನನ್ನನ್ನು ಏನೂ ಹೇಳು ಎನ್ನಲಿಲ್ಲ. ಕೆಲಸ ಕಳೆದುಕೊಂಡು ನನಗೆ ಹಗುರವೆನಿಸಿದ್ದು ಅದೇ ಮೊದಲು.

*

ಅಲ್ಲಿಗೆ ಮುಗಿಯಬೇಕಿತ್ತು. ಮೂರು ದಿನದ ನಂತರ ಬಸ್ಸಿನ ಮಾಲೀಕರು ಮನೆ ಹುಡುಕಿಕೊಂಡು ಬಂದರು.

"ಯಾರ್ರೀ ಸಿದ್ದಪ್ಪ? ನನ್ನ ಬಸ್ಸಿಗೆ ಏನು ಮಾಡೀರಿ?"

ಬಸ್ಸು ಬ್ರೇಕ್ ಹಾಕಿದಾಗಲೆಲ್ಲ ಮಾತಾಡುತ್ತಿತ್ತು. ನಿಲ್ದಾಣ ಬಂದು ಕಿರ್ರ್ ಎಂದು ನಿಂತೊಡನೆ, ಬಂಪರಿನಿಂದ ಏಣಿಯ ತನಕ, "ಹಾಲಮ್ಮ. ತಪ್ಪಾಯ್ತು. ಹೋಗಬೇಡ" ಎನ್ನುತ್ತಿತ್ತು. ಆ ದಾರಿಯಲ್ಲಿ ಪ್ರತಿ ಊರಿಗೂ ನಾಲ್ಕು ಜನ ಹಾಲಮ್ಮಂದಿರು. ಒಂದೂರಿನಲ್ಲಿ ಗಂಡನೊಬ್ಬ ಡ್ರೈವರನ ಕಾಲರು ಹಿಡಿದಿದ್ದ. ಇನ್ನೊಂದೂರಿನಲ್ಲಿ ವಯಸ್ಸಾದ ಹಾಲಮ್ಮನೊಬ್ಬರು, "ಈಗ ಬುದ್ಧಿ ಬಂತಾ!" ಎಂದು ಬಸ್ಸಿಗೆ ಕೈಯೆತ್ತಿ ಆಶೀರ್ವಾದ ಮಾಡಿದ್ದರು.

ನಾನು ಹೋಗಿ ಪರೀಕ್ಷಿಸಿದೆ. ಹಳೆಯ ಟೇಪ್ ರೆಕಾರ್ಡರಿನ ಟೇಪಿಗೆ ಬಳಿಯುತ್ತಿದ್ದದ್ದು ಕಬ್ಬಿಣದ ತುಕ್ಕಿನಂಥದೇ ಪುಡಿ. ಇಲ್ಲಿ ಇಡೀ ಬಸ್ಸೇ ತುಕ್ಕು. ಕೊನೆಯ ಕಿಡಿಯ ಹೊತ್ತಿಗೆ ಮಾತು ಅದರಲ್ಲಿ ಮುದ್ರೆಯಾಗಿರಬೇಕು. ಬ್ರೇಕಿನ ಉಜ್ಜಾಟಕ್ಕೆ ಎಚ್ಚರವಾಗುತ್ತದೆ. ಅಳಿಸುವುದು ಹೇಗೆ ಎಂದು ಮಾಲೀಕರು ಕೇಳಿದರು. ತುಕ್ಕು ತೆಗೆಯಬೇಕು ಎಂದೆ. ತುಕ್ಕು ತೆಗೆದರೆ ಬಸ್ಸೇ ಉಳಿಯುವುದಿಲ್ಲ ಎಂದರು ಅವರು, ಪ್ರಾಮಾಣಿಕವಾಗಿ.

ಹಾಗಾಗಿ ಬಸ್ಸು ಈಗಲೂ ಓಡುತ್ತಿದೆ. ಎಂದಿನಂತೆ ತಡವಾಗಿಯೇ ಬರುತ್ತದೆ. ಆದರೆ ಬಂದು ನಿಂತೊಡನೆ ತಪ್ಪಾಯ್ತು ಅನ್ನುವ ಬಸ್ಸು ಈ ಜಿಲ್ಲೆಯಲ್ಲಿ ಅದೊಂದೇ. ಬೇರೆ ಬಸ್ಸು ಖಾಲಿಯಾಗಿ ಬಂದು ನಿಂತರೂ ಜನ ಈಗ ಇದಕ್ಕೇ ಕಾಯುತ್ತಾರೆ.